ಮುಂದಿನ ಸೀಟಿನಲ್ಲಿ ಆಗುಂಬೆಗೆ

ಶನಿವಾರ ಬೆಳಗ್ಗೆ ತಿಂಡಿ ಮುಗಿಸಿ ಸಾಗರ ಬಿಟ್ಟೆವು. ಸಂಕ್ರಾಂತಿ ಆಗಷ್ಟೇ ಕಳೆದಿತ್ತು, ಮಂಜು ಇನ್ನೂ ರಸ್ತೆ ಬಿಟ್ಟು ಎದ್ದಿರಲಿಲ್ಲ. ಮಕ್ಕಳನ್ನು ವಾರಗಿತ್ತಿಗೆ ಒಪ್ಪಿಸಿ, ಅವಲಕ್ಕಿ, ಚಕ್ಕುಲಿ, ಫ್ಲಾಸ್ಕಿನ ತುಂಬ ಕಾಫಿ ಕಟ್ಟಿಕೊಂಡು, ಮದುವೆಯಾಗಿ ಇಷ್ಟು ವರ್ಷಕ್ಕೆ ಮೊದಲ ಸಲ ನಾನು ನಮ್ಮ ಕಾರಿನ ಮುಂದಿನ ಸೀಟಿನಲ್ಲಿ ಕೂತಿದ್ದೆ.

ಕಾರು ಹಳೆಯದು. ಮೂಡಿಗೆರೆ ಕಡೆಯ ಕಾಫಿ ತೋಟದವರೊಬ್ಬರಿಂದ ಕೊಂಡ ಹಸಿರು ಮಾರಿಸ್ ಮೈನರ್. ತಿರುವಿನಲ್ಲಿ, ಯಾವ ಕಡೆ ತಿರುಗುತ್ತೇವೆಂದು ತೋರಿಸಲು, ಬಾಗಿಲ ಪಕ್ಕದಿಂದ ಒಂದು ಪುಟ್ಟ ಕೆಂಪು ಕೈ ಹೊರಗೆ ಚಾಚುತ್ತಿತ್ತು. ಅದನ್ನು ನೋಡಲೆಂದೇ ದನ ಕಾಯುವವರು ನಿಲ್ಲುತ್ತಿದ್ದರು. ನಮ್ಮನೆಯವರೂ ಅವರ ಅಣ್ಣನೂ ಕೂಡಿ ನಡೆಸುತ್ತಿದ್ದ ಬಟ್ಟೆ ಅಂಗಡಿಗೆ ಸೇರಿದ ಕಾರು ಅದು. ವಾರವೆಲ್ಲ ಅಂಗಡಿಯದು, ಶನಿವಾರ ಭಾನುವಾರ ಇವರದು. ಲಿಂಗನಮಕ್ಕಿಗೆ ನೀರು ನೋಡಲು, ಹೆಗ್ಗೋಡಿಗೆ ನಾಟಕಕ್ಕೆ, ಏನೂ ಇಲ್ಲದಿದ್ದರೆ ಸುಮ್ಮನೆ ಕಾಡಿನ ರಸ್ತೆಗೆ ಹೊರಡುತ್ತಿದ್ದರು. ನಾನೂ ಹೋಗುತ್ತಿದ್ದೆ, ಹಿಂದೆ ಕೂತು.

ಎರಡೇ ಬಾಗಿಲಿನ ಕಾರಿನಲ್ಲಿ ಹಿಂದಕ್ಕೆ ಹೋಗಬೇಕೆಂದರೆ ಮುಂದಿನ ಸೀಟು ಬಾಗಿಸಿ ನುಸುಳಬೇಕು. ಹಿರಿಯರು ನುಸುಳುವುದುಂಟೆ? ದಿನಕ್ಕೆರಡು ಬಸ್ಸು ಬರುವ ಸೀಮೆಯಲ್ಲಿ ಗುರುತಿನವರನ್ನು ದಾರಿಯಲ್ಲಿ ಬಿಟ್ಟು ಖಾಲಿ ಕಾರು ಓಡಿಸುವುದಾದರೂ ಉಂಟೆ? ಮದುವೆ ಜವಳಿಗೆಂದು ಅಂಗಡಿಗೆ ಬಂದು ಹೋದವರೆಲ್ಲ ಇವರಿಗೆ ಗುರುತಿನವರೇ. ಹಾಗಾಗಿ ಸಾಗರ, ಹೊಸನಗರ, ತೀರ್ಥಹಳ್ಳಿ ಮೂರು ತಾಲ್ಲೂಕಿನ ಮುದುಕರೂ ನನ್ನ ಗಂಡನ ಪಕ್ಕ ಕೂತಿದ್ದಾರೆ, ನನ್ನೊಬ್ಬಳನ್ನು ಬಿಟ್ಟು. ಊರಿಗೆ ಉಪಕಾರಿ ಮನೆಗೆ ಮಾರಿ ಎಂದು ನಾನು ಎದುರಿಗೇ ಹೇಳುತ್ತಿದ್ದೆ. ಇವರು ನಗುತ್ತಿದ್ದರು.

ಈ ಸಲದ ಮಾತು ಮಾತ್ರ ಇವರದೇ. "ಆಗುಂಬೇಲಿ ಸೂರ್ಯ ಮುಳುಗೋದು ನೋಡ್ಕೊಂಡು ಬರೋಣ. ನಾವಿಬ್ರೇ. ಒಂದು ವಿಷಯ ಹೇಳೋದಿದೆ, ಅಲ್ಲೇ ಹೇಳ್ತೀನಿ" ಅಂದಿದ್ದರು. ಕೂಡು ಕುಟುಂಬದಲ್ಲಿ ಗಂಡ ಹೆಂಡತಿ ಎರಡು ಮಾತಾಡಬೇಕಾದರೆ ಬಚ್ಚಲ ಹಂಡೆಗೆ ನೀರು ತುಂಬುವ ನೆವ ಬೇಕು. ನನಗೆ ಸೂರ್ಯನಿಗಿಂತ ಆ ಮಾತಿನ ಮೇಲೆಯೇ ಆಸೆ.

ಆ ಸೀಟು ನನಗೆ ದಕ್ಕಿದ್ದು ಬಟ್ಟೆಮಲ್ಲಪ್ಪದವರೆಗೆ. ಅಲ್ಲಿ ರಸ್ತೆ ಪಕ್ಕ ಜೋನಿಬೆಲ್ಲದ ಡಬ್ಬ ಇಟ್ಟುಕೊಂಡು ತಿಮ್ಮಪ್ಪ ಗೌಡರು ನಿಂತಿದ್ದರು. ಮೂರು ಹೆಣ್ಣುಮಕ್ಕಳ ಮದುವೆಗೂ ನಮ್ಮಲ್ಲೇ ಜವಳಿ ತೆಗೆದ ಹಿರಿಯರು. ಇವರು ನನ್ನ ಮುಖ ನೋಡಿದರು. ನಾನು ಕಿಟಕಿಯಾಚೆ ನೋಡಿದೆ. ಅಷ್ಟರಲ್ಲಿ ಕಾರು ತಾನಾಗಿಯೇ ಎಂಬಂತೆ ನಿಂತಿತ್ತು.

"ಹೊಸನಗರಕ್ಕೆ, ಮಗಳ ಮನೆಗೆ ಹೊರಟಿದ್ದೆ ಮಾರಾಯ್ರೆ. ನಂಗೆ ಈ ಮಂಡಿ ಬಗ್ಗಲ್ಲ ನೋಡಿ. ಅಮ್ಮಾ, ನೀವು ಹಿಂದೆ ಆರಾಮಾಗಿ ಕೂತ್ಕಳಿ" ಎಂದು ಗೌಡರೇ ವ್ಯವಸ್ಥೆ ಮಾಡಿದರು. ಆರಾಮಾಗಿ ಎಂದರೆ ಬೆಲ್ಲದ ಡಬ್ಬ ತೊಡೆಯ ಮೇಲಿಟ್ಟುಕೊಂಡು. ಹೊಸನಗರದಲ್ಲಿ ಅವರ ಮಗಳು ಬರಿಬಾಯಲ್ಲಿ ಕಳಿಸಲು ಒಪ್ಪಲಿಲ್ಲ. ನೀರುದೋಸೆ, ಆ ಡಬ್ಬದ್ದೇ ಬೆಲ್ಲ, ಕಾಯಿಹಾಲು. ರುಚಿಯಾಗಿತ್ತೆಂದು ಒಪ್ಪಿಕೊಳ್ಳಬೇಕು. ಹೊರಡುವಾಗ ಬಿಸಿಲು ನೆತ್ತಿಗೇರಿತ್ತು.

ಹೊಸನಗರದಿಂದ ಮುಂದಕ್ಕೆ ಮತ್ತೆ ನಾವಿಬ್ಬರೇ ಆದೆವು. ರಸ್ತೆಯ ಇಕ್ಕೆಲದಲ್ಲೂ ಮರಗಳು ಕೂಡಿಕೊಂಡು ಹಗಲಿನಲ್ಲೇ ತಂಪು. "ಈಗ್ಲೇ ಹೇಳಿ ಆ ವಿಷಯ" ಅಂದೆ. "ಅಲ್ಲೇ ಹೇಳ್ತೀನಿ ಅಂದ್ನಲ್ಲ, ನೆಮ್ಮದಿಯಿಂದ ಬಾ" ಅಂದರು. ನಾನು ಕಾಲು ಚಾಚಿ ಕೂತು ಚಕ್ಕುಲಿ ಮುರಿದು ಇವರ ಬಾಯಿಗೂ ಹಾಕಿದೆ. ಆ ಒಂದೂವರೆ ಗಂಟೆ ನನ್ನದು.

ತೀರ್ಥಹಳ್ಳಿಯಲ್ಲಿ ಇವರ ಸೋದರತ್ತೆ, ಪುಟ್ಟತ್ತೆಯ ಮನೆಯಲ್ಲಿ ರಾತ್ರಿ ಉಳಿಯುವುದೆಂದು ಮೊದಲೇ ಗೊತ್ತುಮಾಡಿದ್ದೆವು. ತುಂಗೆಯ ಕಮಾನು ಸೇತುವೆಗೆ ಹತ್ತಿರದ ಬೀದಿ. ಗಂಡ ತೀರಿಕೊಂಡ ಮೇಲೆ ಅತ್ತೆ ಮನೆಯ ಮುಂಭಾಗವನ್ನು ಮೇಷ್ಟರೊಬ್ಬರ ಸಂಸಾರಕ್ಕೆ ಬಾಡಿಗೆ ಕೊಟ್ಟು, ಅವರ ಮಕ್ಕಳನ್ನು ಗದರಿಸಿಕೊಂಡು ಗೆಲುವಾಗಿಯೇ ಇದ್ದರು. ಹಲಸಿನ ಹಪ್ಪಳ ಕರಿದು ಊಟಕ್ಕಿಕ್ಕಿದರು. ಊಟ ಮುಗಿಸಿ ನಾವು ಎದ್ದೆವು. ಆಗುಂಬೆಗೆ ಇಪ್ಪತ್ತು ಮೈಲಿ, ಸಂಜೆಗೆ ಮೊದಲು ಸೇರಬೇಕು. ಅತ್ತೆ ಬಾಗಿಲವರೆಗೆ ಬಂದರು. ಆಗ ನಾನು, ಹೊರಡುವಾಗ ಯಾರಿಗಾದರೂ ಹೇಳುವ ಮಾತನ್ನು ಹೇಳಿದೆ: "ನೀವೂ ಬನ್ನಿ ಅತ್ತೆ."

ನಮ್ಮ ಕಡೆ ಇದು ಕರೆಯುವ ಮಾತಲ್ಲ. ಇದಕ್ಕೆ "ಇನ್ನೊಂದ್ಸಲ ಬಂದರಾಯ್ತು, ನೀವು ಹೋಗ್ಬನ್ನಿ" ಎಂಬ ಉತ್ತರ ಹುಟ್ಟಿದಾಗಿನಿಂದ ಕೇಳಿದ್ದೇನೆ. ಅತ್ತೆ ಒಂದು ಕ್ಷಣ ನನ್ನನ್ನೇ ನೋಡಿದರು. "ಬರ್ಲೇನೆ?" ಅಂದರು. "ಇಷ್ಟು ಹತ್ತಿರ ಇದ್ದೂ ಒಂದ್ಸಲನೂ ನೋಡ್ಲಿಲ್ಲ ನೋಡು. ಸೀರೆ ಬದಲಾಯ್ಸಿ ಬಂದೆ."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಇವರು ಕಾರಿನ ಗಾಜನ್ನು ಒರೆಸುತ್ತ ನಿಂತರು, ಒರೆಸಿದ್ದನ್ನೇ ಮತ್ತೆ ಒರೆಸಿದರು. ಅತ್ತೆಯ ಮಂಡಿಯೂ ಬಗ್ಗುತ್ತಿರಲಿಲ್ಲವೆಂದು ಬೇರೆ ಹೇಳಬೇಕಾಗಿಲ್ಲ. ನಾನು ಸೀಟು ಬಾಗಿಸಿ ಹಿಂದಕ್ಕೆ ನುಸುಳಿದೆ.

ಮೇಗರವಳ್ಳಿ ದಾಟಿದ ಮೇಲೆ ಕಾಡು ದಟ್ಟವಾಯಿತು, ಗಾಳಿಗೆ ಚಳಿ ಬಂತು. ಆಗುಂಬೆಯ ಕಟ್ಟೆಯ ಹತ್ತಿರ ಕಾರು ನಿಲ್ಲಿಸಿದಾಗ ಸೂರ್ಯ ಇನ್ನೂ ಒಂದು ಮಾರು ಮೇಲಿದ್ದ. ಅತ್ತೆ ನಮ್ಮಿಬ್ಬರ ನಡುವೆ ನಿಂತು ಎರಡೂ ಕಡೆ ನಮ್ಮ ಕೈ ಹಿಡಿದುಕೊಂಡರು. ಸೂರ್ಯ ಕೆಳಗಿಳಿದಂತೆ ಅಗಲವಾಗಿ, ಮಣ್ಣಿನ ಮಡಕೆಯ ಹಾಗೆ ಸೊಟ್ಟಗಾಗಿ, ದೂರದ ಸಮುದ್ರದ ಗೆರೆಗೆ ತಾಗಿದ.

"ನಿಮ್ಮ ಮಾವ ವರ್ಷಾ ವರ್ಷಾ ಹೇಳೋರು, ಈ ಚಳಿಗಾಲಕ್ಕೆ ಕರ್ಕೊಂಡು ಹೋಗ್ತೀನಿ ಅಂತ" ಅಂದರು ಅತ್ತೆ. "ಅವರೂ ನೋಡ್ಲಿಲ್ಲ."

ಆ ಮುದುಕಿಯ ಮೇಲೆ ಸಿಟ್ಟು ಮಾಡುವುದು ಹೇಗೆ? ನನ್ನ ಸಿಟ್ಟೆಲ್ಲ ನನ್ನ ನಾಲಿಗೆಯ ಮೇಲೆಯೇ. ಇವರು ಅತ್ತೆಯ ತಲೆಯ ಮೇಲಿಂದ ನನ್ನ ಕಡೆ ಒಮ್ಮೆ ನೋಡಿ ಮತ್ತೆ ಸಮುದ್ರ ನೋಡಿದರು. ವಿಷಯ ಹೇಳಲಿಲ್ಲ.

ಭಾನುವಾರ ಬೆಳಗ್ಗೆ ಹೊರಡುವಾಗ ನಾನು ತುಟಿ ಕಚ್ಚಿಕೊಂಡು "ಬರ್ತೀವಿ ಅತ್ತೆ" ಎಂದಷ್ಟೇ ಅಂದು ಮುಂದಿನ ಸೀಟಿಗೆ ಹತ್ತಿದೆ. ಕೋಣಂದೂರಿನ ದಾರಿ ಹಿಡಿದೆವು. ಊರು ದಾಟಿದ ಮೇಲೆ ಇವರು ರಸ್ತೆಯ ಮೇಲಿನ ಕಣ್ಣು ತೆಗೆಯದೆ ಹೇಳಿದರು:

"ಕಾರು ಕೊಟ್ಟಾಯ್ತು ಕಣೆ. ಅಣ್ಣ ಬೇರೆ ಆಗೋಣ ಅಂದ. ಅಂಗಡಿ ಅವನಿಗೆ, ನಂಗೆ ಪೇಟೆ ಕೆಳಗಿನ ಮಳಿಗೆ. ಕಾರಿಗೆ ಶಿವಮೊಗ್ಗದವರು ಬಂದಿದ್ರು. ನಾಳೆ ತಗೊಂಡು ಹೋಗ್ತಾರೆ."

"ಇದನ್ನೇ ಹೇಳ್ಬೇಕು ಅಂತಿದ್ರಾ?"

"ಮನೇಲಿ ಹೇಳಿದ್ರೆ ಎಲ್ಲರೆದುರು ಅಳ್ತಿದ್ದೆ ನೀನು. ಅಲ್ಲಾದ್ರೆ ನಾವಿಬ್ರೇ ಇರ್ತೀವಿ ಅಂದ್ಕೊಂಡೆ."

ನನಗೆ ಅಳು ಬರಲಿಲ್ಲ, ಹೊಟ್ಟೆಕಿಚ್ಚು ಬಂತು. ಇಷ್ಟು ವರ್ಷ ಈ ಸೀಟಿನಲ್ಲಿ ಕೂತವರೆಲ್ಲರ ಮೇಲೆ, ಒಬ್ಬೊಬ್ಬರ ಮೇಲೂ. ಕೋಣಂದೂರು ಬಂತು, ಹೋಯಿತು. ನಾವು ಏನನ್ನೂ ತಿನ್ನಲಿಲ್ಲ. ರಿಪ್ಪನ್‌ಪೇಟೆಗೆ ಇನ್ನೂ ದೂರವಿದ್ದಾಗ ಒಂದು ಮೋರಿಯ ಕಟ್ಟೆಯ ಮೇಲೆ ಇಬ್ಬರು ಕೂತಿದ್ದು ಕಂಡಿತು. ನಮ್ಮ ಅಂಗಡಿಯ ಜಗಲಿಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡಿದ್ದ ದರ್ಜಿ ಇಮಾಮ್ ಸಾಹೇಬರು ಮತ್ತು ಅವರ ಹೆಂಡತಿ. ನನ್ನ ಮಕ್ಕಳ ಅಂಗಿಗಳನ್ನೆಲ್ಲ ಹೊಲಿದವರು. ಹಸಿರು ಕಾರು ದೂರದಿಂದಲೇ ಗುರುತು ಸಿಕ್ಕಿ, ಸಾಹೇಬರು ಕೈ ಕೂಡ ಅಡ್ಡ ಹಿಡಿಯಲಿಲ್ಲ. ನಗುತ್ತ ಎದ್ದು, ಹೆಂಡತಿಯನ್ನೂ ಎಬ್ಬಿಸಿ, ಗಂಟು ಎತ್ತಿಕೊಂಡರು.

ಇವರ ಕಾಲು ಬ್ರೇಕಿನ ಕಡೆ ಸರಿಯಿತು.

"ಇವತ್ತೊಂದಿನ ನಿಲ್ಲಿಸ್ಬೇಡಿ" ಅಂದೆ.

ಇವರು ನಿಲ್ಲಿಸಲಿಲ್ಲ. ಈ ಮನುಷ್ಯ ನನ್ನ ಮಾತು ಅಷ್ಟು ಬೇಗ ಕೇಳಿದ್ದು ಅದೊಂದೇ ಸಲ. ಅವರನ್ನು ದಾಟುವಾಗ ಸಾಹೇಬರ ಮುಖ ನನ್ನ ಕಿಟಕಿಗೆ ಒಂದು ಮೊಳ ದೂರದಲ್ಲಿತ್ತು.

"ಬೇರೆ ಯಾರದೋ ಕಾರು ಅಂದ್ಕೊಂಡಿರ್ತಾರೆ" ಅಂದೆ.

"ಅವರು ನಿನ್ನ ನೋಡಿದ್ರು" ಅಂದರು ಇವರು.

ನಾನು ತಿರುಗಿ ನೋಡಿದೆ. ಹಿಂದಿನ ಗಾಜಿನಲ್ಲಿ ಕೆಂಪು ಧೂಳು, ಧೂಳಿನಲ್ಲಿ ಗಂಟು ಹೊತ್ತು ನಿಂತ ಇಬ್ಬರು. ಏನೋ ಆಗಿದೆ, ಮುಂದೆ ಹೋಗಿ ನಿಲ್ಲಿಸುತ್ತಾರೆ ಎಂದುಕೊಂಡು ಅವರು ನಮ್ಮ ಹಿಂದೆ ನಾಲ್ಕು ಹೆಜ್ಜೆ ನಡೆದು ಬಂದಿದ್ದರು.