ತಫೀದಾಳ ಹಳದಿ ಪುಡಿ

ಈಜಿಪ್ಟಿನ ದಮನ್ಹೂರ್ ಪಟ್ಟಣದಾಚೆಯ ಆ ಹಳ್ಳಿಯಲ್ಲಿ ಇನ್ಶಿರಾಳಷ್ಟು ಚೆಂದದ ಹುಡುಗಿ ಇನ್ನೊಬ್ಬಳಿರಲಿಲ್ಲ, ಬಾಯಿ ತೆರೆಯುವವರೆಗೆ. ತೆರೆದರೆ ಹಲ್ಲಿನ ಮೇಲೆಲ್ಲ ಕಂದು ಪಟ್ಟೆ, ಚಹಾದ ಕರೆ ಕೂತ ಲೋಟದ ಹಾಗೆ.

ಅದು ಪಕ್ಕದ ಮನೆಯ ತಫೀದಾ ಮಾಡಿದ ಉಪಕಾರ. ತಫೀದಾ ಬಾತುಕೋಳಿ ಸಾಕುವವಳು. ಬಾತಿಗೆ ಭೇದಿಯಾದರೆ ಟೆಟ್ರಾಸೈಕ್ಲಿನ್ ಕ್ಯಾಪ್ಸೂಲು ಬಿಚ್ಚಿ ಹಳದಿ ಪುಡಿಯನ್ನು ನೀರಿಗೆ ಹಾಕುವಳು. ಗಂಡನ ಕಾಲಿನ ಹುಣ್ಣಿಗೂ ಅದೇ, ನೆರೆಯ ಮಕ್ಕಳ ಕೆಮ್ಮಿಗೂ ಅದೇ. ಮೂರು ವರ್ಷದ ಇನ್ಶಿರಾಳಿಗೆ ಎರಡು ಚಳಿಗಾಲ ಸಕ್ಕರೆ ನೀರಿನಲ್ಲಿ ಕಲಸಿ ಕುಡಿಸಿದಳು. ಕೆಮ್ಮು ನಿಂತಿತು, ಸುಳ್ಳಲ್ಲ. ಏಳನೆಯ ವರ್ಷಕ್ಕೆ ಹಾಲುಹಲ್ಲು ಬಿದ್ದು ಪಟ್ಟೆಯ ಹಲ್ಲು ಮೂಡಿದವು. ಅವ್ವ ನಬವಿಯಾ ಬೂದಿ, ನಿಂಬೆ ಹಾಕಿ ಒಸಡಿನಲ್ಲಿ ರಕ್ತ ಬರುವಂತೆ ಉಜ್ಜಿದಳು, ಕೊನೆಗೆ ಮಗಳನ್ನು ಔಷಧಿ ಅಂಗಡಿಗೆ ಕರೆದೊಯ್ದಳು.

“ಉಜ್ಜಿ ಏನ್ ಬಂತಮ್ಮಾ?” ಎಂದ ಅಂಗಡಿಯವನು. “ಆ ಹಳದಿ ಪುಡಿ ಒಳ್ಳೇ ಔಷಧೀನೇ, ದೊಡ್ಡೋರಿಗೆ. ಬಸುರೀರಿಗೆ, ಎಂಟು ವರ್ಷದೊಳಗಿನ ಮಕ್ಕಳಿಗೆ ಕೊಡಬಾರ್ದು. ಒಸಡಿನೊಳಗೆ ಬೆಳೀತಿರೋ ಹಲ್ಲಿಗೇ ಬಣ್ಣ ಕೂತ್ಬಿಡುತ್ತೆ.”

ಹುಡುಗಿ ಆ ಮಾತು ಮರೆಯಲಿಲ್ಲ.

ಇಪ್ಪತ್ತಾದಾಗ ಹೆಣ್ಣು ನೋಡಲು ಬಂದವಳು ಅದೇ ತಫೀದಾ, ಮಗ ಹಿಲ್ಮಿಗಾಗಿ. ಹಿಲ್ಮಿ ಎಂದರೆ ಇನ್ಶಿರಾಳಿಗೆ ಪ್ರಾಣ. ಮಾಳಿಗೆಯಿಂದ ಮಾಳಿಗೆಗೆ ನೋಡುತ್ತಲೇ ಐದು ವರ್ಷ ಕಳೆದಿದ್ದಳು. ತಫೀದಾ ಪದ್ಧತಿಯಂತೆ, ಹಲ್ಲು ಗಟ್ಟಿಯೇ ಎಂದು ನೋಡಲು ಅಕ್ರೋಟು ಕೊಟ್ಟಳು. ಹುಡುಗಿ ಒಂದೇ ಕಡಿತಕ್ಕೆ ಒಡೆದಳು. ತಫೀದಾ ಕತ್ತೆ ಕೊಳ್ಳುವವಳಂತೆ ಹೆಬ್ಬೆರಳಿನಿಂದ ಅವಳ ತುಟಿ ಎತ್ತಿದಳು.

“ಗಟ್ಟಿ ಏನೋ ಇದಾವೆ. ಆದ್ರೆ ನಬವಿಯಾ, ದಿನಾ ಬೆಳಗಾದ್ರೆ ನನ್ನ ಮಗ ಈ ಬಾಯಿ ನೋಡ್ಬೇಕಾ?”

“ನೀನೇ ಕುಡಿಸಿದ್ದಲ್ವೇನೇ, ಹಿಲ್ಮಿಯವ್ವಾ!”

“ಸಾಯೋ ಮಗೂನ ಉಳಿಸ್ಕೊಟ್ಟೆ. ಇನ್ನು ಸೊಸೇನೂ ನಾನೇ ಮಾಡ್ಕೋಬೇಕಾ?” ಎನ್ನುತ್ತ ಒಡೆದ ಅಕ್ರೋಟಿನ ತಿರುಳನ್ನು ಬಾಯಿಗೆ ಹಾಕಿಕೊಂಡು ಹೊರಟಳು.

ಹಿಲ್ಮಿಗೆ ಬೇರೆ ಹೆಣ್ಣು ಬಂದಳು, ಗಂಡುಮಗು ಹುಟ್ಟಿತು. ಮೂರು ತುಂಬುವಾಗ ಅದಕ್ಕೆ ಕೆಮ್ಮು ಹತ್ತಿತು. ಪಾರಿವಾಳಗಳಿಗೆ ಕಾಳು ಹಾಕುತ್ತಿದ್ದ ಇನ್ಶಿರಾ, ಆಚೆ ಮಾಳಿಗೆಯಲ್ಲಿ ತಫೀದಾ ಕ್ಯಾಪ್ಸೂಲು ಬಿಚ್ಚುವುದನ್ನು ಕಂಡಳು. ಅಂಗಡಿಯವನ ಮಾತು ನಾಲಿಗೆಯ ತುದಿಗೆ ಬಂತು.

“ಏನೇ, ಕಣ್ಣು ಹಾಕ್ತಿದೀಯ?” ಎಂದು ತಫೀದಾ ಗದರಿದಳು.

“ಇಲ್ಲ ಖಾಲಾ. ಪೂರ್ತಿ ಕುಡಿಸಿ. ಸಕ್ಕರೆ ತಳದಲ್ಲೇ ಉಳಿದಿರುತ್ತೆ.”

ನಾಲ್ಕು ವರ್ಷವಾದ ಮೇಲೆ, ಈದ್ ದಿನ ಹೊಸ ಅಂಗಿ ತೊಟ್ಟ ಆ ಹುಡುಗ ಬೀದಿಯಲ್ಲಿ ನಕ್ಕ. ಕಂದು ಪಟ್ಟೆ. ಅಜ್ಜಿ ತಟಕ್ಕನೆ ಅವನ ಬಾಯಿಗೆ ಅಂಗೈ ಅಡ್ಡ ಹಿಡಿದಳು. ಮದುವೆಯಿಲ್ಲದೆ ಉಳಿದ ಇನ್ಶಿರಾ ಹತ್ತಿರ ಹೋಗಿ ಮಗುವಿನ ಕೈಯಲ್ಲೊಂದು ಅಕ್ರೋಟು ಇಟ್ಟಳು.

“ಕಡಿಯೋ ಕಂದಾ, ಅಜ್ಜಿಗೆ ಹಲ್ಲು ತೋರ್ಸು,” ಎಂದು ತಫೀದಾಳ ಮುಖ ನೋಡುತ್ತ, ಇಡೀ ಬೀದಿಗೆ ಕಾಣುವಂತೆ ಹಲ್ಲು ಬಿಟ್ಟು ನಕ್ಕಳು.