ನಮ್ಮ ಕಣದ ಗಾಳಿ

ತೊಂಬತ್ತರ ದಶಕದ ಒಂದು ಚಳಿಗಾಲ. ಶ್ರೀರಂಗಪಟ್ಟಣದ ಹುಡುಗನೊಂದಿಗೆ ನನ್ನ ಮದುವೆ ಗೊತ್ತಾಗಿತ್ತು. ಆಗಲೇ ಯಾವುದೋ ಕಾಲೇಜಿನ ಇಬ್ಬರು ಪಾಂಡವಪುರದ ಕಡೆಯ ನಮ್ಮೂರಿಗೆ ಬಂದು, ಗಾಳಿ ಅಳೆಯುವ ಪೆಟ್ಟಿಗೆ ಇಡಲು ಜಾಗ ಕೇಳಿದರು. ಅಪ್ಪ ಮನೆ ಹಿಂದಿನ ಕಣ ತೋರಿಸಿದ. ಅವ್ವ ರೊಟ್ಟಿ, ಹುಚ್ಚೆಳ್ಳು ಚಟ್ನಿ ಬಡಿಸಿದಳು.

ಮರುದಿನ ಬೆಳಗಿನ ಜಾವ ಮಂಜು ಕವಿದಿತ್ತು, ಒಂದು ಎಲೆಯೂ ಅಲ್ಲಾಡುತ್ತಿರಲಿಲ್ಲ. ಪೆಟ್ಟಿಗೆ ನೋಡಿದ ಕಿರಿಯವನು, “ಸಾರ್, ಶ್ರೀರಂಗಪಟ್ಟಣದ ಪೇಟೆಗಿಂತ ಇಲ್ಲೇ ಜಾಸ್ತಿ!” ಎಂದು ಹಿಗ್ಗಿನಿಂದ ಕೂಗಿದ. ಸಗಣಿ ಬಾಚುತ್ತಿದ್ದ ಅವ್ವ ಏನದು ಎಂದಳು.

“ರೇಡಾನ್ ಅಂತ ಒಂದು ಅನಿಲ ಅಮ್ಮ. ಕಲ್ಲು, ಮಣ್ಣಿನೊಳಗಿಂದ ಬರುತ್ತೆ. ತುಂಬಾ ಇದ್ರೆ ಶ್ವಾಸಕೋಶಕ್ಕೆ ಕೆಟ್ಟದ್ದು.”

ಅಷ್ಟೇ ಹೇಳಿ ಪೆಟ್ಟಿಗೆ ಹೊತ್ತು ಹೋದರು. ಹಾಲು ಹಾಕಲು ಹೋದ ಅವ್ವ ಡೈರಿಯ ಮುಂದೆ ಅದನ್ನೇ ಹೇಳಿದಳು. ಮಾತು ಅಲ್ಲಿಂದ ಊರೂರು ಸುತ್ತಿತು.

ಸಂಬಂಧ ಕುದುರಿಸಿದ್ದ ಸೋದರಮಾವ ಒಂದು ಸಂಜೆ ಬಂದವನು ಚಪ್ಪಲಿ ಕಳಚದೆ ಬಾಗಿಲಲ್ಲೇ ನಿಂತ. “ನಿಮ್ಮನೆ ಗಾಳೀಲಿ ಇಸ ಐತಂತೆ ಭಾವ. ಅದ್ನ ಕುಡ್ದು ಬೆಳ್ದಿರೋ ಹೆಣ್ಣು, ಮಕ್ಳುಮರಿ ಎಂಗಾಯ್ತವೋ ಅಂತಾವ್ರೆ. ಗಂಡಿನೋರು ಬ್ಯಾಡ ಅಂದ್ಬುಟ್ರು.”

“ಊರೋರೆಲ್ಲ ಕುಡಿಯಾದು ಇದೇ ಗಾಳಿ ಅಲ್ವೇನ್ಲಾ?” ಎಂದ ಅಪ್ಪ. ಅವ್ವ ಅಂದಿನಿಂದ ಡೈರಿಗೆ ಹೋಗುವುದನ್ನೇ ಬಿಟ್ಟಳು.

ಆಷಾಢದಲ್ಲಿ ಆ ಇಬ್ಬರೂ ಮತ್ತೆ ಬಂದರು. ಹೆಂಚು ಹಾರುವಂಥ ಗಾಳಿ. ಈ ಸಲ ಪೆಟ್ಟಿಗೆ ನೋಡಿದ ಕಿರಿಯವನ ಮುಖದಲ್ಲಿ ಹಿಗ್ಗಿರಲಿಲ್ಲ. ಎಷ್ಟಿದೆ ಎಂದು ನಾನೇ ಕೇಳಿದೆ.

“ತೀರಾ ಕಮ್ಮಿ. ಚಳಿಗಾಲದಲ್ಲಿ ಗಾಳಿ ಆಡದಿದ್ರೆ ನೆಲದ ಹತ್ರಾನೇ ನಿಲ್ಲುತ್ತೆ. ಬಿಸಿಲೇರಿದ್ರೆ, ಗಾಳಿ ಬೀಸಿದ್ರೆ ಚದುರಿಹೋಗುತ್ತೆ. ನೆಲ ಚೆನ್ನಾಗಿ ನೆಂದ್ರೆ ಮೇಲೆ ಬರೋದೂ ಕಮ್ಮಿ.”

“ಶ್ರೀರಂಗಪಟ್ಟಣದಲ್ಲಿ?”

“ಅಲ್ಲೂ ಹೀಗೇ ಏರುತ್ತೆ, ಇಳಿಯುತ್ತೆ. ನೆಲಕ್ಕೆ ಸಿಮೆಂಟು, ಡಾಂಬರು ಹಾಕಿರೋದ್ರಿಂದ ಸ್ವಲ್ಪ ಕಮ್ಮಿ, ಅಷ್ಟೇ. ಬಯಲಲ್ಲಿ ಹೆದರೋ ಅಂಥದ್ದೇನೂ ಇಲ್ಲ.”

ನನ್ನ ಮದುವೆ ಮುರಿದ ಕತೆ ಹೇಳಿದೆ. “ಇದ್ನ ಅವತ್ತೇ ಯಾಕ್ ಹೇಳ್ನಿಲ್ಲ? ಈಗ್ಲಾದ್ರೂ ಆ ಮನೆಯೋರ್ ತಾವ ಬಂದು ಹೇಳಿ.”

ಹಿರಿಯವನು ಕನ್ನಡಕ ಒರೆಸಿಕೊಂಡ. “ಅದೆಲ್ಲ ನಮ್ಮ ಕೆಲಸ ಅಲ್ಲಮ್ಮ.”

ನೀನಾದರೂ ಹೋಗು ಎಂದು ಅಪ್ಪನನ್ನು ಗೋಗರೆದೆ. “ಗಾಳಿ ಸರಿಯಾಯ್ತು, ಈಗ ಮದ್ವೆ ಮಾಡ್ಕಳಿ ಅಂತ ಕಾಲ್ ಹಿಡ್ಕಳ್ಳಾ? ಸುಮ್ಕಿರವ್ವ. ಆ ಹುಡ್ಗುನ್ ಮದ್ವೆ ಆಗೋಯ್ತು.”

ನನ್ನನ್ನು ನಾಗಮಂಗಲದ ಕಡೆ ಎರಡನೇ ಸಂಬಂಧಕ್ಕೆ ಕೊಟ್ಟರು. ಹೆಂಡತಿ ತೀರಿಕೊಂಡಿದ್ದ ಆತ ನನಗಿಂತ ಬಹಳ ದೊಡ್ಡವನು. ಆ ಮನೆಯ ಸುತ್ತಲೂ ಬಂಡೆಗಳೇ. ಪೆಟ್ಟಿಗೆಯ ವಿಷಯ ಯಾರಿಗೂ ಬಾಯಿ ಬಿಡಬೇಡ ಎಂದು ಅವ್ವ ಕಿವಿಯಲ್ಲಿ ಹೇಳಿ ಕಳಿಸಿದ್ದಳು. ಗಂಡ ಕೆಟ್ಟವನಲ್ಲ, ಮಾತು ಕಡಿಮೆ. ಊಟ ಮಾಡಿದ, ಮಲಗಿದ, ಎದ್ದು ಹೊಲಕ್ಕೆ ಹೋದ. ವರ್ಷಗಳು ಹಾಗೇ ಕಳೆದವು.

ಬೇಡವೆಂದವರ ಮೇಲೆ ನನಗೀಗ ಸಿಟ್ಟಿಲ್ಲ, ಅವರು ಹೆದರಿದ್ದರು. ಅರ್ಧ ಹೇಳಿ ಎದ್ದುಹೋದ ಆ ಓದಿದವರನ್ನು ಮಾತ್ರ ಇವತ್ತಿಗೂ ಕ್ಷಮಿಸಲಾಗಿಲ್ಲ.