‘ಮೂರನೇ ಪಾಳಿ’ ಪುಟದಿಂದ ನಾನು ಅಳಿಸಿದ ಸಾಲು

ಕಾಶವ್ವ ಕಾಕು, ನಿಮ್ಮ ಮಗ ಮಂಜುನಾಥ ಈಜಲು ಹೋಗಿ ಸತ್ತವನಲ್ಲ. ನನ್ನ ಮಾತು ನಂಬಿ ಬಂಡೆಯ ಮೇಲೆ ನಿಂತು ಸತ್ತ. ಅದನ್ನು ಆರು ವರ್ಷ ಮುಚ್ಚಿಟ್ಟವಳು ನಾನು — ಬಾಯಿ ಮುಚ್ಚಿದ್ದಷ್ಟೇ ಅಲ್ಲ, ಬರೆದೂ ಮುಚ್ಚಿದೆ.

ನಮ್ಮ ಮನೆತನದಲ್ಲಿ ಪದವಿ ಪಡೆದವಳು ನಾನೊಬ್ಬಳೇ. ಅಪ್ಪ ದಾಂಡೇಲಿಯ ಪೇಪರ್ ಮಿಲ್ಲಿನಲ್ಲಿ ಬಿದಿರು ಹೊತ್ತವನು. ಮಗಳು ಕಾಗದದ ಮೇಲೆ ಬರೆಯಲು ಕಲಿತಳು ಎಂಬ ಗರ್ವ ನನಗಿತ್ತು. ಈಗಲೂ ಇದೆ. ಹಾಗಾಗಿಯೇ ಮಿಲ್ ಕಾರ್ಮಿಕರ ನಾಲ್ವರು ಮಕ್ಕಳು ‘ಮೂರನೇ ಪಾಳಿ’ ಎಂಬ ರಾಕ್ ಬ್ಯಾಂಡ್ ಕಟ್ಟಿದಾಗ, ಅವರ ವಿಡಿಯೊ ತೆಗೆಯುವುದು, ಅಂತರ್ಜಾಲದ ವಿಶ್ವಕೋಶದಲ್ಲಿ ಅವರ ಪುಟ ಬರೆಯುವುದು ನನ್ನ ಪಾಲಿಗೆ ಬಂತು.

ಆ ದಿನ ಮಂಜು ಕಾಳಿ ನದಿಯ ನಡುವಿನ ಬಂಡೆಯ ಮೇಲೆ ಡ್ರಮ್ ಇಟ್ಟುಕೊಂಡಿದ್ದ. ಉಳಿದ ಮೂವರು ದಡದಲ್ಲಿ. ಸೈರನ್ ಕೇಳಿಸಿತು. ಪಾಳಿ ಬದಲಾಗುವಾಗ ಮಿಲ್ಲಿನ ಭೋಂಗಾ ಕೂಗುತ್ತದೆ. ಮೇಲಿನ ಅಣೆಕಟ್ಟಿನಿಂದ ನೀರು ಬಿಡುವಾಗ ಅಲ್ಲಿಯ ಸೈರನ್ನೂ ಹಾಗೇ ಕೂಗುತ್ತದೆ. ದೂರದಿಂದ ಕೇಳಿದರೆ ಎರಡೂ ಒಂದೇ.

“ಅಕ್ಕಾ, ಭೋಂಗಾ ಮಿಲ್ಲಿಂದೋ, ನೀರಿಂದೋ?” ಎಂದ ಮಂಜು.

ಗಡಿಯಾರ ನೋಡಿದೆ. ಪಾಳಿಯ ಹೊತ್ತಲ್ಲ. ಭೋಂಗಾ ಕೇಳಿ ಅಪ್ಪನಿಗೆ ಬುತ್ತಿ ಕಟ್ಟುತ್ತ ಬೆಳೆದವಳಿಗೆ ಅಷ್ಟು ತಿಳಿಯದೇ? ಆದರೆ ಬಿಸಿಲು ನೀರಿನ ಮೇಲೆ ಚೆನ್ನಾಗಿ ಬಿದ್ದಿತ್ತು, ಇನ್ನೊಮ್ಮೆ ಹೀಗೆ ಸಿಗಲಿಕ್ಕಿಲ್ಲ ಅನ್ನಿಸಿತು —

“ಮಿಲ್ಲಿಂದ ಐತಿ. ಪುಕ್ಕಲ ಎಲ್ಲಿಂವ, ಹೊಡಿ ನೀ” ಎಂದೆ.

ಹೊಡೆದ. ನಗುತ್ತಲೇ ಹೊಡೆದ. ಆಮೇಲೆ ನೀರು ಬಂತು —

ಶೂಟಿಂಗ್ ಮುಗಿದ ಮೇಲೆ ಒಬ್ಬನೇ ಈಜಲು ಇಳಿದ ಎಂದು ಆ ಮೂವರೂ ನಾನೂ ಒಂದೇ ಮಾತು ಹೇಳಿದೆವು. ನೀರು ಏರುವ ಮುಂಚಿನಷ್ಟನ್ನೇ ಕತ್ತರಿಸಿಟ್ಟುಕೊಂಡ ಆ ವಿಡಿಯೊದಿಂದಲೇ ಬ್ಯಾಂಡಿಗೆ ಹೆಸರು ಬಂತು.

ಪುಟದಲ್ಲಿ ಎಲ್ಲ ಬರೆದೆ: ಯಾರ ಗಿಟಾರ್ ಯಾವುದು, ಎಲ್ಲೆಲ್ಲಿ ಹಾಡಿದರು, ವಿಡಿಯೊ ತೆಗೆದ ಬಂಡೆಗೆ ಹೋಗುವ ದಾರಿ ಯಾವುದು. ಮಂಜುವಿಗೆ ಒಂದೇ ಸಾಲು — ‘ವೈಯಕ್ತಿಕ ಕಾರಣಗಳಿಂದ ಬ್ಯಾಂಡ್ ತೊರೆದರು.’ ಆ ವಿಶ್ವಕೋಶವನ್ನು ಯಾರು ಬೇಕಾದರೂ ತಿದ್ದಬಹುದು; ಯಾರೋ ಒಬ್ಬರು ‘ಆ ಬಂಡೆಯ ಬಳಿಯೇ ಮುಳುಗಿ ತೀರಿಕೊಂಡರು’ ಎಂದು ಸೇರಿಸಿದರು. ಅಚ್ಚಾದ ಆಧಾರವಿಲ್ಲದ ಮಾತನ್ನು ಅಲ್ಲಿ ಇಡುವಂತಿಲ್ಲ. ಆ ನಿಯಮ ತೋರಿಸಿ ಅಳಿಸಿದೆ. ಮುಂದೆ ಒಂದು ಪತ್ರಿಕೆ ನನ್ನ ಸುಳ್ಳನ್ನೇ ನೋಡಿಕೊಂಡು ಬರೆಯಿತು. ಆ ಪತ್ರಿಕೆಯನ್ನೇ ನನ್ನ ಸಾಲಿಗೆ ಆಧಾರವೆಂದು ಕೊಟ್ಟೆ. ಹೀಗೆ ಸುಳ್ಳು ಗಟ್ಟಿಯಾಯಿತು.

ಒಮ್ಮೆ ಸಂತೆಯಲ್ಲಿ ನೀವು ಕೇಳಿದಿರಿ, “ನಮ್ಮ ಮಂಜ್ಯಾನ ಹೆಸರ ಅದರಾಗ ಐತೇನವಾ?”

“ಐತ್ರಿ, ಕಾಕು.”

“ನನಗ ಓದಾಕ ಬರಂಗಿಲ್ಲ. ನೀ ಕಲತಾಕಿ, ಖರೇನ ಬರದಿರ್ತಿ ಬಿಡು” ಎಂದು ನನ್ನ ಚೀಲಕ್ಕೆ ಎರಡು ಸೌತೆಕಾಯಿ ಹಾಕಿದಿರಿ.

ಮೊನ್ನೆ ಭಾನುವಾರ ಆ ಬಂಡೆಯ ಮೇಲೆ ಮೂವರು ಹುಡುಗಿಯರು ಫೋಟೊ ತೆಗೆದುಕೊಳ್ಳುತ್ತಿದ್ದರು. ನನ್ನ ಪುಟ ಓದಿ ಬಂದವರು, ಅವರೇ ಹೇಳಿದರು. ಸೈರನ್ ಕೂಗಿತು. ಈಚೆ ಬರ್ರಿ ಎಂದು ಕೂಗಿದೆ.

“ಮಿಲ್ಲಿನ ಭೋಂಗಾರಿ ಅಕ್ಕಾರ, ಯಾಕ ಅಂಜತೀರಿ?” ಎಂದು ನಕ್ಕರು.

ನೀರಿಗಿಳಿದು ಒಬ್ಬಳ ರಟ್ಟೆ ಹಿಡಿದು ಎಳೆದೆ. ಬೈಯುತ್ತ ಉಳಿದಿಬ್ಬರೂ ಹಿಂದೆ ಬಂದರು. ದಡದಲ್ಲಿ ನಿಂತು ನೋಡನೋಡುತ್ತಿದ್ದಂತೆ ಬಂಡೆ ಕಾಣದಾಯಿತು. ಆಮೇಲೆ ಯಾರೂ ಬೈಯಲಿಲ್ಲ.

ದಾರಿ ಹೇಳುವ ಸಾಲನ್ನು ಅಂದೇ ತೆಗೆದೆ. ಆದರೆ ಓದಿದವರ ತಲೆಯಿಂದ ತೆಗೆಯುವುದು ಹೇಗೆ? ಬರುವ ಭಾನುವಾರ ಅಲ್ಲಿ ಯಾರಿರುತ್ತಾರೋ —

ನಿಜದ ಸಾಲಿಗೂ ಅಚ್ಚಾದ ಆಧಾರ ಬೇಕು. ಅದಕ್ಕೇ ಇದನ್ನು ನನ್ನ ಹೆಸರು ಹಾಕಿ ಅಚ್ಚಿಗೆ ಕೊಡುತ್ತಿದ್ದೇನೆ. ಅದಕ್ಕೂ ಮೊದಲು, ನಾಳೆ, ನಿಮ್ಮ ಮನೆಗೆ ಬಂದು ನಿಮ್ಮೆದುರು ಕೂತು ಓದುತ್ತೇನೆ, ಕಾಕು. ‘ಹೊಡಿ ನೀ’ ಎಂದಿರುವ ಕಡೆ ದನಿ ಇಳಿಸುವುದಿಲ್ಲ.